ವಠಾರದ ಸರ್ವರ್‌ನಿಂದ ಕೋಡ್ ಪುಶ್ ಮಾಡೋದು: ಬೀಗದ ಕೈ ಯಾರ ಹತ್ರ ಇರಬೇಕು?

ವಿಡಿಯೋದಲ್ಲಿ ಕಮಾಂಡ್‌ಗಳು ಸ್ಕ್ರೀನ್ ಮೇಲೆ ಕಾಣುತ್ತವೆ. ಓದ್ತಾ ಇರೋರಿಗೆ ಇಲ್ಲಿ ಮಾತಿನಲ್ಲೇ ಹೇಳ್ತಾ ಹೋಗ್ತೀನಿ.

ನಾನು ಹತ್ತು ವರ್ಷದಿಂದ ಪುಣೆಯಲ್ಲಿದ್ದೀನಿ. ಊರು ದಾವಣಗೆರೆ ಕಡೆ. ಎಂ.ಟೆಕ್ ಮಾಡಿದ್ದು ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ವಿಷಯದಲ್ಲಿ, ಆಫೀಸಿನಲ್ಲಿ ಕೆಲಸವೂ ಅದೇ. ಅಲ್ಲಿ ಸೆಕ್ಯೂರಿಟಿಗೆ ಬೇರೆ ಟೀಮ್ ಇದೆ, ಅನುಮತಿ ಕೊಡೋದಕ್ಕೆ ಬೇರೆ ಟೀಮ್ ಇದೆ, ಹಾಗಾಗಿ ನಾನು ದಡ್ಡ ಕೆಲಸ ಮಾಡೋಕೆ ಹೋದರೂ ಯಾರಾದರೂ ತಡೀತಾರೆ. ನಾನು ನಿಜವಾಗಿ ಎಡವಿ ಬಿದ್ದದ್ದು ಆಫೀಸಿನ ಹೊರಗೆ, ನಮ್ಮ ಕನ್ನಡ ಸಂಘದ ಒಂದು ಪುಟ್ಟ ವೆಬ್‌ಸೈಟಿನಲ್ಲಿ. ಆ ಕಥೆ ಹೇಳೋಕೆ ಸ್ವಲ್ಪ ನಾಚಿಕೆ ಇದೆ. ಆದರೆ ನಿಮ್ಮಲ್ಲಿ ಎಷ್ಟೋ ಜನ ಹೀಗೇ ಯಾವುದೋ ಸಂಘದ್ದೋ, ಅಪಾರ್ಟ್‌ಮೆಂಟಿನದೋ, ಭಾವನ ಅಂಗಡಿಯದ್ದೋ ಸೈಟನ್ನು ಪುಕ್ಕಟೆ ನೋಡ್ಕೊಳ್ತಾ ಇರ್ತೀರಿ ಅಂತ ಗೊತ್ತು. ಅದಕ್ಕೇ ಹೇಳ್ತಾ ಇದ್ದೀನಿ.

ಸಂಘದ ಸೈಟು ಇರೋದು ಶೇರ್ಡ್ ಹೋಸ್ಟಿಂಗ್‌ನಲ್ಲಿ. ವರ್ಷಕ್ಕೆ ಇಷ್ಟು ಅಂತ ಕಟ್ಟಿದರೆ ಸಿಪ್ಯಾನೆಲ್ ಕೊಡ್ತಾರಲ್ಲ, ಅದೇ. ಪಿಎಚ್‌ಪಿಯಲ್ಲಿ ಬರೆದ ಹಳೇ ಸೈಟು. ನನಗೆ ಒಪ್ಪಿಸುವಾಗ ಕೋಡ್ ರೆಪೊದಲ್ಲಿ ಇರಲೇ ಇಲ್ಲ, ಸರ್ವರಿನಲ್ಲಿ ಮಾತ್ರ ಇತ್ತು. ನಾನು ಗಿಟ್‌ಹಬ್‌ನಲ್ಲಿ ಪ್ರೈವೇಟ್ ರೆಪೊ ಮಾಡಿ, ಇನ್ನು ಲ್ಯಾಪ್‌ಟಾಪಿನಲ್ಲಿ ಬದಲಾಯಿಸೋದು, ಪುಶ್ ಮಾಡೋದು, ಸರ್ವರಿನಲ್ಲಿ ಪುಲ್ ಮಾಡೋದು ಅಂತ ಪದ್ಧತಿ ಹಾಕಿದೆ. ಒಂದೇ ವಾರ ನಡೀತು ಆ ಪದ್ಧತಿ.

ಯಾಕಂದ್ರೆ ನಮ್ಮ ಸಂಘದಲ್ಲಿ ಒಬ್ಬರು ಹಿರಿಯರು ಇದ್ದಾರೆ, ಧಾರವಾಡ ಕಡೆಯವರು, ಎಲ್ಲರೂ ಮಾಸ್ತರು ಅಂತಾರೆ. ಎಪ್ಪತ್ತು ದಾಟಿದೆ. ಸಿಪ್ಯಾನೆಲಿನ ಫೈಲ್ ಮ್ಯಾನೇಜರ್ ತೆಗೆದು, ಎಚ್‌ಟಿಎಂಎಲ್ ಒಳಗೇ ಕೈ ಹಾಕಿ, ಕಾರ್ಯಕ್ರಮದ ಹೊತ್ತು, ಸಭಾಂಗಣದ ಹೆಸರು ಎಲ್ಲ ತಾವೇ ತಿದ್ದುತ್ತಾರೆ. ನಾನು ಬರೋಕೆ ಮುಂಚಿನಿಂದಲೂ ಮಾಡ್ತಾ ಬಂದಿದ್ದಾರೆ, ತಪ್ಪಿಲ್ಲದೆ ಮಾಡ್ತಾರೆ. ಒಂದು ರಾಜ್ಯೋತ್ಸವದ ಹಿಂದಿನ ದಿನ ನಾನು ಸರ್ವರಿನಲ್ಲಿ ಬಲವಂತವಾಗಿ ರೀಸೆಟ್ ಮಾಡಿ ಹೊಸ ಕೋಡ್ ಹಾಕಿದೆ. ಅವರು ತಿದ್ದಿದ್ದ ಕಾರ್ಯಕ್ರಮದ ಪಟ್ಟಿ ಅಳಿಸಿಹೋಯಿತು. ಫೋನ್ ಬಂತು: "ತಮ್ಮಾ, ನಿನ್ನೆ ನಾ ಕೂತು ಬರದದ್ದು ಎಲ್ಲಿ ಹೋತು?" ಬೈಯಲಿಲ್ಲ ಅವರು. ಬೈದಿದ್ದರೆ ವಾಸಿ ಇತ್ತು.

ಅವತ್ತೇ ತೀರ್ಮಾನ ಮಾಡಿದೆ, ಸರ್ವರಿನಲ್ಲಿ ಆಗೋ ಬದಲಾವಣೆಯೂ ರೆಪೊಗೆ ಬರಬೇಕು, ಅಂದ್ರೆ ಸರ್ವರಿನಿಂದಲೇ ಪುಶ್ ಮಾಡಬೇಕು. ಇವತ್ತಿನ ವಿಷಯ ಹುಟ್ಟೋದು ಇಲ್ಲೇ.

ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಅಕೌಂಟ್ ಪಾಸ್‌ವರ್ಡ್ ತಗೊಳ್ಳೋದು ನಿಲ್ಲಿಸಿದೆ. ಟೋಕನ್ ಬೇಕು ಅಥವಾ ಎಸ್‌ಎಸ್‌ಎಚ್ ಕೀ ಬೇಕು. ನಾನು ಏನು ಮಾಡಿದೆ ಕೇಳಿ. ಕ್ಲಾಸಿಕ್ ಟೋಕನ್ ಒಂದು ತೆಗೆದೆ. 'ರೆಪೊ' ಅನ್ನೋ ಚೌಕಕ್ಕೆ ಟಿಕ್ ಹಾಕಿದೆ. ಅವಧಿ ಎಷ್ಟು ಅಂತ ಕೇಳಿತು, 'ಮುಗಿಯೋದೇ ಬೇಡ' ಅಂತ ಆರಿಸಿದೆ. ಸರ್ವರಿನಲ್ಲಿ ಪ್ರತಿಸಲ ಟೋಕನ್ ಕೇಳ್ತಾ ಇತ್ತು, ಬೇಜಾರಾಗಿ ರಿಮೋಟಿನ ಯುಆರ್‌ಎಲ್ ಒಳಗೇ ಟೋಕನ್ ಸೇರಿಸಿಬಿಟ್ಟೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗೋ ಉಪಾಯ ಅದೇ. ಕೆಲಸ ಮಾಡ್ತು. ಒಂದೂವರೆ ವರ್ಷ ಮಾಡ್ತು.

ಆಮೇಲೆ ಒಂದು ರಾತ್ರಿ ಹತ್ತೂವರೆಗೆ ಹೈದರಾಬಾದಿನಿಂದ ಫೋನ್. ಎಂ.ಟೆಕ್‌ನಲ್ಲಿ ನನ್ನ ಜೂನಿಯರ್ ಆಗಿದ್ದವನು, ಈಗ ಸೆಕ್ಯೂರಿಟಿ ಕೆಲಸದಲ್ಲಿದ್ದಾನೆ. ಅವನ ಚಿಕ್ಕಮ್ಮ ಪುಣೆಯಲ್ಲಿದ್ದಾರೆ, ನಾಟಕದ ಟಿಕೆಟ್ ಮಾಡಿಕೊಡು ಅಂದಿದ್ದರಂತೆ. ಇವನಿಗೋ ಸೈಟ್ ಕಂಡರೆ ಕೈ ಸುಮ್ಮನಿರಲ್ಲ. "ಅಣ್ಣಾ, ನಿಮ್ಮ ಸಂಘದ ಸೈಟಿನ ವಿಳಾಸದ ಮುಂದೆ ಸ್ಲ್ಯಾಶ್ ಡಾಟ್ ಗಿಟ್ ಸ್ಲ್ಯಾಶ್ ಕಾನ್ಫಿಗ್ ಅಂತ ಹಾಕಿ ನೋಡಿ. ಈಗಲೇ ನೋಡಿ."

ಹಾಕಿದೆ. ಬ್ರೌಸರಿನಲ್ಲಿ ಏಳೆಂಟು ಸಾಲು ಬಂತು. ನಡುವೆ ನನ್ನ ಟೋಕನ್, ಜಿಎಚ್‌ಪಿ ಅಂಡರ್‌ಸ್ಕೋರ್‌ನಿಂದ ಶುರುವಾಗಿ ಕೊನೇ ಅಕ್ಷರದವರೆಗೆ.

ರೆಪೊವನ್ನು ನಾನು ನೇರವಾಗಿ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಕ್ಲೋನ್ ಮಾಡಿದ್ದೆ. ಆ ಫೋಲ್ಡರಿನಲ್ಲಿ ಇರೋದನ್ನೆಲ್ಲ ವೆಬ್ ಸರ್ವರ್ ಕೇಳಿದವರಿಗೆ ಕೊಡುತ್ತೆ, ಅದರ ಕೆಲಸವೇ ಅದು. ಡಾಟ್ ಗಿಟ್ ಕೂಡ ಅದಕ್ಕೆ ಇನ್ನೊಂದು ಫೋಲ್ಡರ್ ಅಷ್ಟೆ. ಬರೀ ಟೋಕನ್ ಅಲ್ಲ, ಡಾಟ್ ಗಿಟ್ ಒಳಗಿನ ಆಬ್ಜೆಕ್ಟ್‌ಗಳನ್ನು ಒಂದೊಂದಾಗಿ ಇಳಿಸಿಕೊಂಡರೆ ಪೂರ್ತಿ ಸೋರ್ಸ್ ಕೋಡ್ ಮತ್ತೆ ಕಟ್ಟಬಹುದು, ಹಳೇ ಕಮಿಟ್‌ಗಳ ಸಮೇತ. ಅದಕ್ಕೆ ಸಿದ್ಧ ಟೂಲ್‌ಗಳೇ ಇವೆ. ನನ್ನ ಹಳೇ ಕಮಿಟ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದ ಕಾನ್ಫಿಗ್ ಫೈಲೂ ಇತ್ತು.

ಆ ರಾತ್ರಿ ನಾನು ಮಾಡಿದ ಇನ್ನೊಂದು ತಪ್ಪು ಹೇಳ್ತೀನಿ. ಗಾಬರಿಯಲ್ಲಿ ಮೊದಲು ಬಾಗಿಲು ಮುಚ್ಚೋಕೆ ಓಡಿದೆ. ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಡಾಟ್ ಗಿಟ್ ತಡೆಯೋ ಸಾಲು ಬರೀತಾ ಕೂತೆ, ಎಲ್ಲೋ ತಪ್ಪಾಗಿ ಇಡೀ ಸೈಟ್ 500 ಎರರ್ ಕೊಡ್ತು, ಅದನ್ನ ಸರಿ ಮಾಡ್ತಾ ಹತ್ತು ನಿಮಿಷ ಹೋಯ್ತು. ಅವನು ಫೋನಿನಲ್ಲೇ ಕೂಗಿದ: "ಅಣ್ಣಾ, ಕೀ ಕಳೆದುಹೋಗಿದೆ, ನೀವು ಬಾಗಿಲಿಗೆ ಬಣ್ಣ ಹೊಡೀತಾ ಇದ್ದೀರಿ. ಮೊದಲು ಟೋಕನ್ ಸಾಯಿಸಿ!" ಹೌದು. ಗುಟ್ಟು ಹೊರಗೆ ಹೋಗಿದೆ ಅಂದಾಗ ಮೊದಲನೇ ಕೆಲಸ ಆ ಗುಟ್ಟನ್ನ ಕೆಲಸಕ್ಕೆ ಬಾರದ ಹಾಗೆ ಮಾಡೋದು. ಗಿಟ್‌ಹಬ್ ಸೆಟ್ಟಿಂಗಿಗೆ ಹೋಗಿ ಟೋಕನ್ ಡಿಲೀಟ್ ಮಾಡೋಕೆ ಮೂವತ್ತು ಸೆಕೆಂಡ್ ಸಾಕಾಗಿತ್ತು. ಅದಾದ ಮೇಲೆ ಡೇಟಾಬೇಸ್ ಪಾಸ್‌ವರ್ಡ್, ಆಮೇಲೆ ಡಾಟ್ ಗಿಟ್ ಮುಚ್ಚೋದು. ಕಮಿಟ್ ಹಿಸ್ಟರಿಯಿಂದ ಪಾಸ್‌ವರ್ಡ್ ಅಳಿಸೋದು ಕೊನೇ ಕೆಲಸ, ಮಾಡದಿದ್ದರೂ ನಡೆಯುತ್ತೆ. ಪಾಸ್‌ವರ್ಡ್ ಬದಲಾದ ಮೇಲೆ ಹಳೇದು ಎಲ್ಲಿದ್ದರೇನು?

ಯಾರೋ ತಡೀತಾರೆ ಅನ್ನೋ ಭರವಸೆ ಇಲ್ಲಿ ನಡೆಯಲ್ಲ ಅಂತಲೂ ಹೇಳಬೇಕು. ಗಿಟ್‌ಹಬ್ ಟೋಕನ್ ಪಬ್ಲಿಕ್ ರೆಪೊ ಒಳಗೆ ಬಿದ್ದರೆ ಗಿಟ್‌ಹಬ್ ತಾನೇ ಕಂಡುಹಿಡಿದು ರದ್ದು ಮಾಡುತ್ತೆ. 2024ರಿಂದ ಪಬ್ಲಿಕ್ ರೆಪೊಗಳಿಗೆ ಪುಶ್ ಆಗುವ ಹೊತ್ತಿನಲ್ಲೇ ತಡೆಯೋ ವ್ಯವಸ್ಥೆಯೂ ತಾನಾಗಿ ಆನ್ ಇರುತ್ತೆ. ಆದರೆ ನನ್ನ ಟೋಕನ್ ಬಿದ್ದಿದ್ದು ನನ್ನದೇ ಸೈಟಿನಲ್ಲಿ, ಅದೂ ಕಮಿಟ್ ಆಗದ ಫೈಲಿನಲ್ಲಿ. ಅದನ್ನು ಹುಡುಕ್ತಾ ಇದ್ದವು ಬಾಟ್‌ಗಳು ಮಾತ್ರ. ಸಿಪ್ಯಾನೆಲಿನ ಆಕ್ಸೆಸ್ ಲಾಗ್ ಇಳಿಸಿ ನೋಡಿದೆ. ಆ ತಿಂಗಳೊಂದರಲ್ಲೇ ಆ ಕಾನ್ಫಿಗ್ ಫೈಲಿಗೆ 14 ಸಲ ಕೋರಿಕೆ ಬಂದಿತ್ತು, ಎಲ್ಲದಕ್ಕೂ 200, ಅಂದ್ರೆ ಕೇಳಿದವರಿಗೆಲ್ಲ ಸಿಕ್ಕಿದೆ. ಅದಕ್ಕಿಂತ ಹಿಂದಿನ ಲಾಗ್ ಉಳಿದಿರಲಿಲ್ಲ. ಟೋಕನ್ 'ಕೊನೇ ಬಾರಿ ಬಳಸಿದ್ದು ಕಳೆದ ವಾರದೊಳಗೆ' ಅಂತ ಗಿಟ್‌ಹಬ್ ತೋರಿಸ್ತಾ ಇತ್ತು. ಅದು ನಾನೋ, ಬೇರೆಯವರೋ?

ಈಗ ಆ 'ರೆಪೊ' ಅನ್ನೋ ಟಿಕ್ ಮಾರ್ಕಿನ ಅರ್ಥ ನೋಡಿ. ಕ್ಲಾಸಿಕ್ ಟೋಕನ್‌ಗೆ ಅದನ್ನ ಕೊಟ್ಟರೆ ಸಂಘದ ಸೈಟಿನ ರೆಪೊ ಒಂದೇ ಅಲ್ಲ, ನನ್ನ ಅಕೌಂಟಿಗೆ ಪ್ರವೇಶ ಇರೋ ಎಲ್ಲ ರೆಪೊಗಳೂ ತೆರೆದುಕೊಳ್ಳುತ್ತವೆ, ಓದೋಕೂ ಬರೆಯೋಕೂ. ಅದರಲ್ಲಿ ಒಂದು, ಸಂಘದ ಸದಸ್ಯರ ಪಟ್ಟಿ ಇಟ್ಟಿದ್ದ ಪ್ರೈವೇಟ್ ರೆಪೊ. ಮುನ್ನೂರು ಚಿಲ್ಲರೆ ಮನೆಗಳ ಫೋನ್ ನಂಬರು, ವಿಳಾಸ. ಇನ್ನೊಂದು, ಗೆಳೆಯನೊಬ್ಬ ಶುರು ಮಾಡಿದ್ದ ಕಂಪನಿಯ ರೆಪೊ, ಒಂದು ಬೇಸಗೆಯಲ್ಲಿ ಸಹಾಯ ಮಾಡಿದ್ದೆ, ನನ್ನ ಹೆಸರು ತೆಗೆದಿರಲಿಲ್ಲ.

ಗೆಳೆಯನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಅವನು ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ "ಸರಿ, ನಾನು ನೋಡ್ಕೊಳ್ತೀನಿ" ಅಂತ ಇಟ್ಟುಬಿಟ್ಟ. ಮಾರನೇ ಭಾನುವಾರ ಸಂಘದ ಕಮಿಟಿ ಮುಂದೆ ನಿಂತು ಹೇಳಿದೆ. ಒಬ್ಬರು ಗಿಟ್ ಅಂದ್ರೇನು ಅಂತ ಕೇಳಿದರು. ಇನ್ನೊಬ್ಬರು, ಯಾರಿಗೂ ಹೇಳೋದು ಬೇಡ, ಏನೂ ಆಗಿಲ್ಲವಲ್ಲ ಅಂದರು. ಮಾಸ್ತರು ಮಾತ್ರ, "ಮಂದಿ ನಂಬರ್ ಮಂದೀದು, ಹೇಳೂದ ಛಲೋ" ಅಂದರು. ನಿಮ್ಮ ಫೋನ್ ನಂಬರು ಬೇರೆಯವರ ಕೈ ಸೇರಿರಬಹುದು, ಸಂಘದ ಹೆಸರು ಹೇಳಿ ಯಾರಾದರೂ ಓಟಿಪಿ ಕೇಳಿದರೆ ಕೊಡಬೇಡಿ ಅಂತ ಎಲ್ಲ ಸದಸ್ಯರಿಗೂ ಮೆಸೇಜ್ ಕಳಿಸಿದೆವು, ಕೆಳಗೆ ನನ್ನ ಹೆಸರು ಹಾಕಿ. ಸಭೆ ಮುಗಿದ ಮೇಲೆ ಮಾಸ್ತರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಂದೇನರ ತಪ್ಪೈತೇನು ತಮ್ಮಾ, ನಾ ಫೈಲ್ ತಗದ್ ತಿದ್ದಿದ್ದಕ್ಕ?" ಇಲ್ಲ ಸರ್, ನಿಮ್ಮದೇನೂ ಇಲ್ಲ ಅಂದೆ.

ಸರಿ, ಈಗ ಕೆಲಸದ ಮಾತು.

ಶೇರ್ಡ್ ಹೋಸ್ಟಿಂಗ್ ಅಂದ್ರೆ ವಠಾರ ಇದ್ದ ಹಾಗೆ. ಒಂದು ಲಿನಕ್ಸ್ ಯಂತ್ರ, ಒಳಗೆ ನೂರಾರು ಬಾಡಿಗೆಮನೆ. ನಿಮ್ಮ ಮನೆಗೆ ಬಾಗಿಲು ಇದೆ, ಆದರೆ ಗೋಡೆ ತೆಳು, ಹಿತ್ತಲು ಒಂದೇ, ಎಲ್ಲ ಮನೆಗೂ ಹೊಂದೋ ಇನ್ನೊಂದು ಬೀಗದ ಕೈ ಮಾಲೀಕರ ಹತ್ರ ಇರುತ್ತೆ. ಅಂದ್ರೆ ರೂಟ್ ಯೂಸರ್ ನಿಮ್ಮ ಎಲ್ಲ ಫೈಲನ್ನೂ ಓದಬಹುದು. ಯಾವ ಪರ್ಮಿಷನ್ ಹಾಕಿದರೂ ಇದು ಬದಲಾಗಲ್ಲ. ಇನ್ನು ಅಕ್ಕಪಕ್ಕದವರು. ಲಾಗಿನ್ ಆಗಿ ಪಿಎಸ್ ಎಯುಎಕ್ಸ್ ಅಂತ ಕೊಟ್ಟು ನೋಡಿ. ಒಳ್ಳೇ ಹೋಸ್ಟಿಂಗ್‌ನಲ್ಲಿ ನಿಮ್ಮ ಪ್ರೋಸೆಸ್ ಮಾತ್ರ ಕಾಣುತ್ತವೆ, ಏಕೆಂದರೆ ಕ್ಲೌಡ್‌ಲಿನಕ್ಸಿನ ಕೇಜ್‌ಎಫ್‌ಎಸ್ ತರಹದ್ದೇನಾದರೂ ಹಾಕಿರ್ತಾರೆ. ಬೇರೆಯವರ ಪ್ರೋಸೆಸ್ ಕೂಡ ಕಂಡರೆ, ನಿಮ್ಮವೂ ಅವರಿಗೆ ಕಾಣ್ತಾ ಇವೆ ಅಂತಲೇ ಅರ್ಥ. ಯುಆರ್‌ಎಲ್ ಒಳಗೆ ಟೋಕನ್ ಇಟ್ಟು ಪುಶ್ ಮಾಡಿದಾಗ ಗಿಟ್ ಒಳಗಿಂದ ಇನ್ನೊಂದು ಪ್ರೋಗ್ರಾಂ ಕರೆಯುತ್ತೆ, ಅದರ ಆರ್ಗ್ಯುಮೆಂಟಿನಲ್ಲಿ ಆ ಪೂರ್ತಿ ಯುಆರ್‌ಎಲ್ ಇರುತ್ತೆ. ಪುಶ್ ನಡೆಯುವ ಆ ಎರಡು ಸೆಕೆಂಡ್ ಅದು ಪಟ್ಟಿಯಲ್ಲಿ ಕೂತಿರುತ್ತೆ. ಟೈಪ್ ಮಾಡಿದ ಕಮಾಂಡ್ ಬ್ಯಾಷ್ ಹಿಸ್ಟರಿಯಲ್ಲಂತೂ ಇದ್ದೇ ಇರುತ್ತೆ.

ಹಾಗಾದ್ರೆ ಕ್ರೆಡೆನ್ಷಿಯಲ್ ಹೆಲ್ಪರ್ ಬಳಸೋಣ ಅಂತೀರಿ. 'ಸ್ಟೋರ್' ಅನ್ನೋ ಹೆಲ್ಪರ್ ಮಾಡೋದು ಇಷ್ಟೇ, ಹೋಮ್ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಟೋಕನ್ನನ್ನು ಹಾಗೇ ಬರೆದಿಡುತ್ತೆ, ಯಾವ ಎನ್‌ಕ್ರಿಪ್ಷನ್ನೂ ಇಲ್ಲ. 'ಕ್ಯಾಶ್' ಅನ್ನೋದು ವಾಸಿ, ಮೆಮೊರಿಯಲ್ಲಿ ಇಟ್ಟು 900 ಸೆಕೆಂಡಿನಲ್ಲಿ, ಅಂದ್ರೆ ಕಾಲು ಗಂಟೆಯಲ್ಲಿ ಮರೆತುಬಿಡುತ್ತೆ. ಕೂತು ಕೈಯಾರೆ ಪುಶ್ ಮಾಡೋರಿಗೆ ಪರವಾಗಿಲ್ಲ.

ಬ್ಯಾಕಪ್ ವಿಷಯ ಯಾರೂ ಯೋಚಿಸಲ್ಲ. ಸಿಪ್ಯಾನೆಲಿನ ಪೂರ್ತಿ ಬ್ಯಾಕಪ್ ತೆಗೆದರೆ ಹೋಮ್ ಫೋಲ್ಡರ್ ಎಲ್ಲ ಅದರೊಳಗೆ ಬರುತ್ತೆ, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ಸಮೇತ. ಆ ಬ್ಯಾಕಪ್ ಫೈಲು ಆಮೇಲೆ ಯಾರದೋ ಡೌನ್‌ಲೋಡ್ಸ್‌ನಲ್ಲಿ, ಗೂಗಲ್ ಡ್ರೈವ್‌ನಲ್ಲಿ ಬಿದ್ದಿರುತ್ತೆ. ನಮ್ಮ ಹಳೇ ಬ್ಯಾಕಪ್ ಒಂದು ಪಬ್ಲಿಕ್ ಎಚ್‌ಟಿಎಂಎಲ್ ಒಳಗೇ ಸಿಕ್ಕಿತು. ಇಟ್ಟವನು ನಾನಲ್ಲ, ಆದರೆ ಎರಡು ವರ್ಷ ನೋಡದೆ ಬಿಟ್ಟವನು ನಾನೇ.

ಇಷ್ಟಾದ ಮೇಲೆ ನನಗೆ ಹೊಳೆದ ಪ್ರಶ್ನೆ: ಕೀ ಕಳುವಾಗದ ಹಾಗೆ ಹೇಗೆ ಇಡೋದು ಅಂತಲ್ಲ. ವಠಾರದಲ್ಲಿ ಇಟ್ಟದ್ದು ಒಂದಲ್ಲ ಒಂದು ದಿನ ಕಳುವಾಗುತ್ತೆ ಅಂತಲೇ ಇಟ್ಟುಕೊಳ್ಳೋಣ, ಆಗ ಕಳ್ಳನಿಗೆ ಏನು ಸಿಗುತ್ತೆ?

ಏನೂ ಸಿಗದ ಹಾಗೆ ಮಾಡೋ ದಾರಿಯೂ ಇದೆ, ತುಂಬಾ ಸುಲಭ. ಸರ್ವರಿನಿಂದ ಪುಶ್ ಮಾಡೋದೇ ಬೇಡ, ಲ್ಯಾಪ್‌ಟಾಪಿನಿಂದ ಸರ್ವರಿಗೆ ಹೋಗಿ ಎತ್ತಿಕೊಂಡು ಬನ್ನಿ. ಗಿಟ್‌ಗೆ ಗಿಟ್‌ಹಬ್ ಅಂದ್ರೆ ವಿಶೇಷವೇನಲ್ಲ, ಎಸ್‌ಎಸ್‌ಎಚ್ ಇರೋ ಯಾವ ಯಂತ್ರವೂ ಅದಕ್ಕೆ ರಿಮೋಟ್ ಆಗಬಹುದು. ಸರ್ವರಿನಲ್ಲಿ ಕಮಿಟ್ ಮಾತ್ರ ಮಾಡಿ. ಲ್ಯಾಪ್‌ಟಾಪಿನಲ್ಲಿ ಗಿಟ್ ರಿಮೋಟ್ ಆಡ್ ಅಂತ 'ಸರ್ವರ್' ಹೆಸರಿನ ಎರಡನೇ ರಿಮೋಟ್ ಸೇರಿಸಿ. ಅದರ ವಿಳಾಸ ಎಸ್‌ಎಸ್‌ಎಚ್ ಯುಆರ್‌ಎಲ್: ನಿಮ್ಮ ಹೋಸ್ಟಿಂಗ್ ಯೂಸರ್, ಸರ್ವರಿನ ಹೆಸರು, ಅಲ್ಲಿ ರೆಪೊ ಇರೋ ದಾರಿ. ಆಮೇಲೆ ಗಿಟ್ ಫೆಚ್ ಸರ್ವರ್. ಅಲ್ಲಿನ ಕಮಿಟ್‌ಗಳು ನಿಮ್ಮ ಕೈಗೆ ಬಂದವು. ಡಿಫ್ ನೋಡಿ, ಮರ್ಜ್ ಮಾಡಿ, ಗಿಟ್‌ಹಬ್‌ಗೆ ನಿಮ್ಮ ಲ್ಯಾಪ್‌ಟಾಪಿನ ಕೀಯಿಂದಲೇ ಪುಶ್ ಮಾಡಿ. ಸರ್ವರಿನಲ್ಲಿ ಬರೆಯೋ ಹಕ್ಕಿರೋ ಕೀ ಒಂದೂ ಇಲ್ಲ. ಎಸ್‌ಎಸ್‌ಎಚ್ ಕೊಡೋ ಹೋಸ್ಟಿಂಗ್ ನಿಮ್ಮದಾಗಿದ್ದು, ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಮುಂದೆ ಕೂರ್ತೀರಿ ಅಂದ್ರೆ ವಿಡಿಯೋ ಇಲ್ಲಿಗೇ ನಿಲ್ಲಿಸಬಹುದು, ನಿಮಗೆ ಬೇಕಾದ್ದು ಇದೇ.

ಎಸ್‌ಎಸ್‌ಎಚ್ ಮೈನಸ್ ದೊಡ್ಡ ಎ ಹಾಕಿ, ಅಂದ್ರೆ ಏಜೆಂಟ್ ಫಾರ್ವರ್ಡಿಂಗ್ ಮಾಡಿ, ಸರ್ವರಿನಿಂದ ಪುಶ್ ಮಾಡಬಹುದಲ್ಲ ಅಂತ ಕೆಲವರು ಕೇಳ್ತಾರೆ. ಮಾಡಬಹುದು. ಕೀ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತೆ, ಸರ್ವರಿನಲ್ಲಿ ಒಂದು ಸಾಕೆಟ್ ಮಾತ್ರ ತೆರೆಯುತ್ತೆ. ಆದರೆ ನೀವು ಲಾಗಿನ್ ಆಗಿರೋವಷ್ಟು ಹೊತ್ತು ಆ ಸಾಕೆಟ್ ಮೂಲಕ ರೂಟ್ ಯೂಸರ್ ನಿಮ್ಮ ಹೆಸರಿನಲ್ಲಿ ಸಹಿ ಹಾಕಿಸಿಕೊಳ್ಳಬಹುದು, ಆಫೀಸ್ ಕೀ ಕೂಡ ಅದೇ ಏಜೆಂಟಿನಲ್ಲಿ ಇದ್ದರೆ ಅದರದ್ದೂ ಸೇರಿ. ಬಳಸಲೇಬೇಕಾದರೆ ಎಸ್‌ಎಸ್‌ಎಚ್ ಆಡ್ ಮೈನಸ್ ಸಿ ಅಂತ ಸೇರಿಸಿ, ಪ್ರತಿ ಬಳಕೆಗೂ ನಿಮ್ಮನ್ನ ಕೇಳುತ್ತೆ. ನಾನಂತೂ ವಠಾರದ ಸರ್ವರಿಗೆ ಇದನ್ನ ಬಳಸಲ್ಲ.

ನನಗೆ ಆ ಸುಲಭದ ದಾರಿ ಸಾಕಾಗಲಿಲ್ಲ. ಮಾಸ್ತರು ದಿನಾ ತಿದ್ದುತ್ತಾರೆ, ನಾನು ದೀಪಾವಳಿಗೆ ಊರಿಗೆ ಹೋದರೆ ಹದಿನೈದು ದಿನ ಲ್ಯಾಪ್‌ಟಾಪ್ ತೆರೆಯಲ್ಲ. ರಾತ್ರಿ ಹೊತ್ತು ಕ್ರಾನ್ ತಾನೇ ಕಮಿಟ್ ಮಾಡಿ ಹೊರಗೆ ಕಳಿಸಬೇಕು. ಕ್ರಾನ್‌ಗೆ ಪಾಸ್‌ಫ್ರೇಸ್ ಹೇಳೋರು ಯಾರೂ ಇಲ್ಲ, ಹಾಗಾಗಿ ಪಾಸ್‌ಫ್ರೇಸ್ ಇಲ್ಲದ ಕೀ ಸರ್ವರಿನಲ್ಲಿ ಇರಲೇಬೇಕು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಆ ಕೀಗೆ ಹೊಂದುವ ಬೀಗವನ್ನು ಆದಷ್ಟು ಚಿಕ್ಕದು ಮಾಡಬೇಕು.

ಗಿಟ್‌ಹಬ್‌ನಲ್ಲಿ ಇದಕ್ಕೆ ಡಿಪ್ಲಾಯ್ ಕೀ ಅಂತಾರೆ. ನಿಮ್ಮ ಅಕೌಂಟಿಗೆ ಸೇರಿಸೋ ಎಸ್‌ಎಸ್‌ಎಚ್ ಕೀ ಬೇರೆ, ಇದು ಬೇರೆ. ಇದನ್ನ ರೆಪೊದ ಸೆಟ್ಟಿಂಗಿಗೆ ಹೋಗಿ ಸೇರಿಸೋದು, ಆ ಒಂದು ರೆಪೊಗೆ ಮಾತ್ರ ಹೊಂದುತ್ತೆ. ಹಾಗೇ ಬಿಟ್ಟರೆ ಓದೋಕೆ ಮಾತ್ರ, ಬರೆಯೋ ಹಕ್ಕು ಬೇಕಾದರೆ ಬೇರೆ ಟಿಕ್ ಹಾಕಬೇಕು. ಒಂದೇ ಕೀಯನ್ನು ಎರಡು ರೆಪೊಗೆ ಸೇರಿಸೋಕೆ ಗಿಟ್‌ಹಬ್ ಬಿಡಲ್ಲ. ಗಿಟ್‌ಲ್ಯಾಬ್‌ನಲ್ಲೂ ಡಿಪ್ಲಾಯ್ ಕೀ ಇದೆ. ಬಿಟ್‌ಬಕೆಟ್ ಕ್ಲೌಡ್‌ನಲ್ಲಿ ಅಕ್ಸೆಸ್ ಕೀ ಅಂತ ಇರೋದು ಓದೋಕೆ ಮಾತ್ರ, ಪುಶ್‌ಗೆ ಬರಲ್ಲ. ಎಸ್‌ಎಸ್‌ಎಚ್ ಹೊರಗೆ ಹೋಗೋಕೇ ಬಿಡದ ಹೋಸ್ಟಿಂಗ್ ಆದರೆ ಫೈನ್ ಗ್ರೇನ್ಡ್ ಟೋಕನ್ ಇದೆ, ಒಂದೇ ರೆಪೊ ಆರಿಸಿ, 'ಕಂಟೆಂಟ್ಸ್' ಒಂದಕ್ಕೇ ಓದು-ಬರಹ ಕೊಟ್ಟು, ಅವಧಿ ಹಾಕಬಹುದು. ಆದರೆ ಅದಕ್ಕೂ ಮುಂಚೆ, ಪೋರ್ಟ್ 22 ಮುಚ್ಚಿದ್ದರೆ ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್ ಅನ್ನೋ ಹೆಸರಿಗೆ ಪೋರ್ಟ್ 443ರಲ್ಲಿ ಪ್ರಯತ್ನಿಸಿ. ಎಷ್ಟೋ ಸಲ ಅದರಲ್ಲೇ ದಾರಿ ಸಿಗುತ್ತೆ.

ಬರೆಯೋ ಹಕ್ಕಿರೋ ಡಿಪ್ಲಾಯ್ ಕೀಗೂ ಒಂದು ತೊಡಕಿದೆ. ಆ ರೆಪೊದ ಎಲ್ಲ ಬ್ರ್ಯಾಂಚಿಗೂ ಅದು ಬರೆಯಬಹುದು, ಮೇನ್ ಬ್ರ್ಯಾಂಚಿಗೂ. ತಡೆಯೋಕೆ ಬ್ರ್ಯಾಂಚ್ ಪ್ರೊಟೆಕ್ಷನ್ ಹಾಕಬಹುದು, ಆದರೆ ಪುಕ್ಕಟೆ ಅಕೌಂಟಿನ ಪ್ರೈವೇಟ್ ರೆಪೊಗೆ ಅದು ಸಿಗಲ್ಲ. ಸಂಘದ ಖಜಾಂಚಿಗೆ ಗಿಟ್‌ಹಬ್ ಚಂದಾ ಕೇಳೋ ಧೈರ್ಯ ನನಗೆ ಆ ಸಭೆ ಆದ ಮೇಲೆ ಇರಲಿಲ್ಲ.

ಅದಕ್ಕೇ ಎರಡನೇ ರೆಪೊ ಮಾಡಿದೆ. ಅದಕ್ಕೆ 'ಜಗಲಿ' ಅಂತ ಹೆಸರು. ಊರಿನ ಮನೆಗಳಲ್ಲಿ ಬಂದವರು ಜಗಲಿ ಮೇಲೆ ಕೂರ್ತಾರೆ, ತಂದದ್ದನ್ನ ಅಲ್ಲಿ ಇಡ್ತಾರೆ. ಒಳಗೆ ತಗೊಂಡು ಹೋಗೋದು ಮನೆಯವರು. ಸರ್ವರಿಗೆ ಜಗಲಿ ರೆಪೊಗೆ ಬರೆಯೋ ಹಕ್ಕಿದೆ, ಅಷ್ಟೇ. ನಿಜವಾದ ರೆಪೊ 'ಮನೆ', ಅದಕ್ಕೆ ಓದೋ ಹಕ್ಕು ಮಾತ್ರ. ಎರಡಕ್ಕೂ ಬೇರೆ ಬೇರೆ ಕೀ. ನಾನು ಬಿಡುವಾದಾಗ ಜಗಲಿಯಿಂದ ಫೆಚ್ ಮಾಡಿ, ಡಿಫ್ ಓದಿ, ಮನೆಗೆ ಮರ್ಜ್ ಮಾಡ್ತೀನಿ. ಕೀ ಕದ್ದವನು ಜಗಲಿಯಲ್ಲಿ ಕಸ ಹಾಕಬಹುದು, ಅಳಿಸಬಹುದು. ಅಳಿಸಿದರೂ ನಷ್ಟ ಇಲ್ಲ, ಸರ್ವರಿನಲ್ಲೂ ಮನೆಯಲ್ಲೂ ಪ್ರತಿ ಇದೆ. ಓದಿದರೆ ಸಿಗೋದು ಸೈಟಿನ ಪಿಎಚ್‌ಪಿ ಕೋಡ್. ಪಾಸ್‌ವರ್ಡ್ ಇರೋ ಕಾನ್ಫಿಗ್ ಫೈಲನ್ನು ಈಗ ಪಬ್ಲಿಕ್ ಎಚ್‌ಟಿಎಂಎಲ್‌ನಿಂದಲೂ ರೆಪೊದಿಂದಲೂ ಹೊರಗೆ ಇಟ್ಟಿದ್ದೀನಿ.

ಮಾಡೋ ರೀತಿ ಹೇಳ್ತೀನಿ. ಸರ್ವರಿನಲ್ಲೇ ಎಸ್‌ಎಸ್‌ಎಚ್ ಕೀಜೆನ್ ಕೊಟ್ಟು ಇಡಿ 25519 ಬಗೆಯ ಎರಡು ಕೀ ಮಾಡಿ, ಲ್ಯಾಪ್‌ಟಾಪಿನ ಕೀಯನ್ನ ಮಾತ್ರ ಯಾವ ಕಾರಣಕ್ಕೂ ಅಲ್ಲಿಗೆ ಕಾಪಿ ಮಾಡಬೇಡಿ. ಈ ಬಗೆಯ ಕೀ ಓಪನ್ ಎಸ್‌ಎಸ್‌ಎಚ್ 6.5ರಿಂದ, ಅಂದ್ರೆ 2014ರಿಂದ ಇದೆ. ನಿಮ್ಮ ಸರ್ವರ್ ಇದು ಗೊತ್ತಿಲ್ಲ ಅಂದ್ರೆ ಕೀ ಬದಲಾಯಿಸಬೇಡಿ, ಹೋಸ್ಟಿಂಗ್ ಬದಲಾಯಿಸಿ. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಪ್ರೈವೇಟ್ ಕೀಗೆ 600 ಪರ್ಮಿಷನ್. ಸಡಿಲ ಬಿಟ್ಟರೆ ಎಸ್‌ಎಸ್‌ಎಚ್ ಆ ಕೀಯನ್ನ ಬಳಸೋಕೇ ಒಪ್ಪಲ್ಲ, ದೊಡ್ಡ ಅಕ್ಷರದಲ್ಲಿ ಬೈಯುತ್ತೆ.

ಎರಡು ಕೀ, ಆದರೆ ಎರಡೂ ಹೋಗೋದು ಗಿಟ್‌ಹಬ್ ಅನ್ನೋ ಒಂದೇ ಹೋಸ್ಟಿಗೆ. ಯಾವುದಕ್ಕೆ ಯಾವ ಕೀ ಅಂತ ಎಸ್‌ಎಸ್‌ಎಚ್‌ಗೆ ಹೇಗೆ ಗೊತ್ತಾಗಬೇಕು? ಡಾಟ್ ಎಸ್‌ಎಸ್‌ಎಚ್ ಒಳಗಿನ ಕಾನ್ಫಿಗ್ ಫೈಲಿನಲ್ಲಿ ಎರಡು ಅಡ್ಡಹೆಸರು ಬರೀರಿ, ಹೋಸ್ಟ್ ಜಗಲಿ, ಹೋಸ್ಟ್ ಮನೆ. ಎರಡರಲ್ಲೂ ಹೋಸ್ಟ್‌ನೇಮ್ ಗಿಟ್‌ಹಬ್, ಯೂಸರ್ ಗಿಟ್, ಐಡೆಂಟಿಟಿ ಫೈಲ್ ಮಾತ್ರ ಬೇರೆ ಬೇರೆ, ಕೊನೆಗೆ ಐಡೆಂಟಿಟೀಸ್ ಓನ್ಲಿ ಯೆಸ್. ರಿಮೋಟಿನ ವಿಳಾಸದಲ್ಲಿ ಗಿಟ್‌ಹಬ್ ಡಾಟ್ ಕಾಮ್ ಬದಲು ಈ ಅಡ್ಡಹೆಸರು ಹಾಕಿ. ಆ ಕೊನೇ ಸಾಲು ಬಿಟ್ಟು, ಯಾವತ್ತೋ ಏಜೆಂಟ್ ಫಾರ್ವರ್ಡ್ ಮಾಡಿಕೊಂಡು ಬಂದಿದ್ದರೆ, ಏಜೆಂಟಿನ ಕೀಗಳೂ ಸಾಲಿನಲ್ಲಿ ನುಗ್ಗುತ್ತವೆ. ತಪ್ಪು ಕೀ ಹೋದರೆ ಗಿಟ್‌ಹಬ್ 'ಅನುಮತಿ ಇಲ್ಲ' ಅನ್ನಲ್ಲ, 'ರೆಪೊ ಸಿಗಲಿಲ್ಲ' ಅನ್ನುತ್ತೆ. ನಾನು ಒಂದು ಸಂಜೆ ಪೂರ್ತಿ ರೆಪೊ ಹೆಸರಿನ ಸ್ಪೆಲ್ಲಿಂಗ್ ನೋಡ್ತಾ ಕೂತಿದ್ದೆ.

ಮೊದಲ ಸಲ ಕನೆಕ್ಟ್ ಆದಾಗ ಫಿಂಗರ್‌ಪ್ರಿಂಟ್ ತೋರಿಸಿ ಯೆಸ್ ಅನ್ನಲಾ ಅಂತ ಕೇಳುತ್ತಲ್ಲ, ಗಿಟ್‌ಹಬ್ ತನ್ನ ಫಿಂಗರ್‌ಪ್ರಿಂಟ್‌ಗಳನ್ನ ತನ್ನ ದಾಖಲೆ ಪುಟದಲ್ಲಿ ಹಾಕಿದೆ, ಹೋಲಿಸಿ ಯೆಸ್ ಅನ್ನಿ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ದೇ ಆರ್‌ಎಸ್‌ಎ ಹೋಸ್ಟ್ ಕೀ ಒಂದು ಪಬ್ಲಿಕ್ ರೆಪೊದಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡು, ಅವರು 24ನೇ ತಾರೀಕು ಅದನ್ನ ಬದಲಾಯಿಸಬೇಕಾಯ್ತು. ಅಷ್ಟು ದೊಡ್ಡವರಿಗೇ ಆಗುತ್ತೆ. ಅವತ್ತು ಎಷ್ಟೋ ಕಡೆ ಕ್ರಾನ್‌ಗಳು 'ಹೋಸ್ಟ್ ಗುರುತು ಬದಲಾಗಿದೆ' ಅಂತ ನಿಂತವು. ಆಗ ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ ನೋ ಅಂತ ಹಾಕಿ ಬಾಯಿ ಮುಚ್ಚಿಸಿದವರು ಅದನ್ನ ಈಗಲೂ ಹಾಗೇ ಬಿಟ್ಟಿದ್ದಾರೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಇದೆಯಾ, ಒಮ್ಮೆ ನೋಡಿ.

ಡಾಟ್ ಗಿಟ್ ಫೋಲ್ಡರನ್ನ ಪಬ್ಲಿಕ್ ಎಚ್‌ಟಿಎಂಎಲ್‌ನಿಂದ ಹೊರಗೆ ಕಳಿಸೋಕೆ ಗಿಟ್‌ನಲ್ಲೇ ವ್ಯವಸ್ಥೆ ಇದೆ. ಗಿಟ್ ಇನಿಟ್‌ಗೆ ಸೆಪರೇಟ್ ಗಿಟ್ ಡಿರ್ ಅನ್ನೋ ಆಯ್ಕೆ ಕೊಟ್ಟು, ಹೋಮ್ ಒಳಗೆ ಬೇರೆ ಜಾಗ ತೋರಿಸಿದರೆ, ಈಗಾಗಲೇ ಇರೋ ರೆಪೊ ಕೂಡ ಅಲ್ಲಿಗೆ ಸಾಗಿಸುತ್ತೆ. ಹಳೇ ಜಾಗದಲ್ಲಿ ಡಾಟ್ ಗಿಟ್ ಹೆಸರಿನ ಒಂದು ಸಾಲಿನ ಫೈಲ್ ಉಳಿಯುತ್ತೆ, ಅದರಲ್ಲಿ ದಾರಿ ಮಾತ್ರ ಇರುತ್ತೆ. ಅದನ್ನೂ ಎಚ್‌ಟಿಆಕ್ಸೆಸ್‌ನಲ್ಲಿ ಮುಚ್ಚಿ, ನಿಧಾನವಾಗಿ, ಗಾಬರಿ ಇಲ್ಲದೆ.

ಕ್ರಾನ್ ಸ್ಕ್ರಿಪ್ಟ್ ಬರೆಯುವಾಗ ಗಿಟ್ ಆಡ್ ಮೈನಸ್ ದೊಡ್ಡ ಎ ಬಳಸಬೇಡಿ. ಎರರ್ ಲಾಗ್, ಬ್ಯಾಕಪ್ ಜಿಪ್, ಯಾರೋ ಅಪ್‌ಲೋಡ್ ಮಾಡಿದ ಆಧಾರ್ ಫೋಟೋ, ಎಲ್ಲ ಬಾಚಿಕೊಂಡು ಹೋಗುತ್ತೆ. ಮೈನಸ್ ಯು ಬಳಸಿ, ಈಗಾಗಲೇ ಗಿಟ್‌ಗೆ ಗೊತ್ತಿರೋ ಫೈಲ್ ಮಾತ್ರ ಸೇರುತ್ತೆ. ಹೊಸ ಫೈಲುಗಳ ಪಟ್ಟಿಯನ್ನ ಸ್ಕ್ರಿಪ್ಟ್ ನನಗೆ ಮೇಲ್ ಮಾಡುತ್ತೆ, ಬೇಕಾದ್ದನ್ನ ನಾನೇ ಸೇರಿಸ್ತೀನಿ. ಕಮಿಟ್, ಜಗಲಿಗೆ ಪುಶ್, ಆಮೇಲೆ ಮನೆಯಿಂದ ಫೆಚ್, ಕೊನೆಗೆ ಮರ್ಜ್, ಅದೂ ಫಾಸ್ಟ್ ಫಾರ್ವರ್ಡ್ ಓನ್ಲಿ ಅಂತ. ಮಾಸ್ತರ ತಿದ್ದುಪಡಿ ಇನ್ನೂ ನಾನು ಮನೆಗೆ ಸೇರಿಸಿಲ್ಲ ಅಂದ್ರೆ ಮರ್ಜ್ ಆಗಲ್ಲ, ಸುಮ್ಮನೆ ನಿಲ್ಲುತ್ತೆ. ಅವರದ್ದು ಅಳಿಸಿಹೋಗೋ ಪ್ರಶ್ನೆಯೇ ಇಲ್ಲ. ನಾನು ಮೊದಲು ಬಗೆಹರಿಸಬೇಕಿದ್ದಿದ್ದೂ ಇದನ್ನೇ ಅಲ್ಲವಾ.

ನಡುವೆ ಮನುಷ್ಯ ಒಬ್ಬ ಡಿಫ್ ಓದಲೇಬೇಕಾ ಅಂತ ಆಟೊಮೇಷನ್ ಪ್ರಿಯರು ಕೇಳಬಹುದು. ಕಳೆದ ವರ್ಷ ಒಂದು ಬೆಳಗ್ಗೆ ಜಗಲಿಯಲ್ಲಿ ಒಂದು ಕಮಿಟ್ ಬಂದಿತ್ತು. ಫುಟರ್ ಫೈಲಿನ ಕೊನೆಗೆ ಒಂದೇ ಉದ್ದ ಸಾಲು, ಇವಾಲ್, ಒಳಗೆ ಬೇಸ್ 64 ಡಿಕೋಡ್, ಅದರೊಳಗೆ ಅರ್ಥವಾಗದ ಅಕ್ಷರಗಳ ರಾಶಿ. ಅದು ಮಾಸ್ತರ ಕೈಬರಹ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಯ್ತು. ಕಾಂಟ್ಯಾಕ್ಟ್ ಫಾರ್ಮಿನ ಹಳೇ ಅಪ್‌ಲೋಡ್ ಸ್ಕ್ರಿಪ್ಟ್ ಮೂಲಕ ಯಾರೋ ಒಳಗೆ ಬಂದಿದ್ದರು. ಎರಡು ಕೀಗಳನ್ನೂ ಗಿಟ್‌ಹಬ್‌ನಲ್ಲಿ ಡಿಲೀಟ್ ಮಾಡಿದೆ, ಈ ಸಲ ಮೊದಲ ಕೆಲಸವಾಗಿ. ಆ ಸ್ಕ್ರಿಪ್ಟ್ ತೆಗೆದೆ, ಸೈಟಿನ ಕೋಡ್ ಎಲ್ಲವನ್ನೂ ಮನೆ ರೆಪೊದಿಂದ ಹೊಸದಾಗಿ ಹಾಕಿದೆ, ಹೊಸ ಕೀ ಮಾಡಿದೆ, ಪಾಸ್‌ವರ್ಡ್‌ಗಳನ್ನ ಬದಲಾಯಿಸಿದೆ. ಒಂದು ಗಂಟೆ ಹಿಡೀತು. ಗೆಳೆಯರಿಗೆ ಫೋನ್ ಮಾಡಬೇಕಾಗಿ ಬರಲಿಲ್ಲ.

ಇನ್ನೊಂದು ಮಾತು, ನಮ್ಮಂಥವರಿಗೆ ಬೇಕಾದ್ದು. ಡಿಪ್ಲಾಯ್ ಕೀ ತಾನಾಗಿ ಅವಧಿ ಮುಗಿದು ಸಾಯಲ್ಲ. ಅದನ್ನ ಸೇರಿಸಿದ ವ್ಯಕ್ತಿಯನ್ನ ರೆಪೊದಿಂದ ತೆಗೆದರೂ ಕೀ ಬದುಕಿರುತ್ತೆ. ನಾವು ಇವತ್ತು ಪುಣೆ, ನಾಳೆ ಬೆಂಗಳೂರು, ಆಮೇಲೆ ಇನ್ನೆಲ್ಲೋ. ಬಿಟ್ಟು ಹೋಗುವಾಗ ಮುಂದೆ ನೋಡ್ಕೊಳ್ಳೋರ ಜೊತೆ ಕೂತು ಆ ಪಟ್ಟಿ ತೆಗೆದು, ಹಳೇದು ಅಳಿಸಿ, ಅವರ ಕೈಯಿಂದಲೇ ಹೊಸದು ಮಾಡಿಸಿ. ನನ್ನ ಮಟ್ಟಿಗೆ ಸಂಘದ ರೆಪೊಗಳು ಈಗ ನನ್ನ ಸ್ವಂತ ಅಕೌಂಟಿನಲ್ಲಿ ಇಲ್ಲ, ಸಂಘಕ್ಕೇ ಬೇರೆ ಅಕೌಂಟ್ ಮಾಡಿದ್ದೀವಿ. ಸದಸ್ಯರ ಪಟ್ಟಿ ಗಿಟ್‌ನಲ್ಲೇ ಇಲ್ಲ.

ಮಾಸ್ತರು ಈಗಲೂ ಫೈಲ್ ಮ್ಯಾನೇಜರಿನಲ್ಲೇ ತಿದ್ದುತ್ತಾರೆ. ಅವರಿಗೆ ಒಂದೇ ಹೊಸ ಕೆಲಸ ಕೊಟ್ಟಿದ್ದೀನಿ. 'ಟಿಪ್ಪಣಿ' ಅಂತ ಒಂದು ಟೆಕ್ಸ್ಟ್ ಫೈಲ್ ಇಟ್ಟಿದ್ದೀನಿ, ಏನು ಬದಲಾಯಿಸಿದ್ದು ಅಂತ ಅದರಲ್ಲಿ ಒಂದು ಸಾಲು ಬರೀಬೇಕು. ಕ್ರಾನ್ ಕಮಿಟ್ ಮಾಡುವಾಗ ಮೈನಸ್ ದೊಡ್ಡ ಎಫ್ ಕೊಟ್ಟು ಆ ಫೈಲನ್ನೇ ಕಮಿಟ್ ಮೆಸೇಜ್ ಆಗಿ ತಗೊಳ್ಳುತ್ತೆ. ನಿನ್ನೆ ರಾತ್ರಿಯದ್ದು ಹೀಗಿದೆ: "ನಾಟಕದ ವ್ಯಾಳ್ಯಾ ಆರರಿಂದ ಆರೂವರಿಗೆ ಮಾಡೇನಿ. ಹಾಲ್‌ನವರು ಲಗೂ ಬಾಗಲಾ ತಗಿಯೂದಿಲ್ಲಂತ."